ಆಪಾ ಕಲಿಸಿದ ಪಾಳಿ

ಆಪಾ ಅವರ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಮದರಂಗಿಯಿಂದ ಕೆಂಪಾಗಿರುತ್ತಿತ್ತು. ಹಬ್ಬ, ಮದುವೆ ಅಂತೇನೂ ಬೇಕಿರಲಿಲ್ಲ. ಉಳಿದ ಬೆರಳುಗಳ ಬಣ್ಣ ಮಾಸಿ ಹೋದರೂ ಆ ಒಂದು ಬೆರಳಿನದು ಮಾಸಲು ಅವರು ಬಿಡುತ್ತಿರಲಿಲ್ಲ. ಆ ಬೆರಳನ್ನು ಕಂಪ್ಯೂಟರ್ ಪರದೆಯ ಮೇಲಿಟ್ಟು ಸಾಲಿನಿಂದ ಸಾಲಿಗೆ ಇಳಿಸುತ್ತಾ ಓದುವುದು ಅವರ ರೂಢಿ. ಸಂಜೆಯ ಹೊತ್ತಿಗೆ ಪರದೆಯ ತುಂಬ ಬೆರಳಿನ ಗುರುತು. ಓಢಣಿಯ ಸೆರಗಿನಿಂದ ಒರೆಸಿ, ದೀಪ ಆರಿಸಿ ಮನೆಗೆ ಹೋಗುವರು. ನಮ್ಮ ಸೋದರಮಾವ ಮೊದಲ ದಿನ ನೋಡಿದ್ದು ಆ ಬೆರಳನ್ನೇ. ಅದನ್ನು ನೋಡಿಯೇ, ಇದು ಆಗುವ ಮಾತಲ್ಲ ಎಂದು ತೀರ್ಮಾನ ಮಾಡಿಬಿಟ್ಟ.

ಮಾವನದು ಯಲಬುರ್ಗಾದಲ್ಲಿ ಗೊಬ್ಬರ, ಔಷಧಿಯ ಅಂಗಡಿ. ನಾವು ಕನಕಗಿರಿಯವರು. ಅಪ್ಪ ಗೌಂಡಿ, ಮನೆ ಕಟ್ಟುವ ಕೆಲಸ ಇದ್ದ ಊರಲ್ಲೇ ಇರುತ್ತಿದ್ದ. ಹಾಗಾಗಿ ಮನೆಯಲ್ಲಿ ದೊಡ್ಡ ಮಾತು ಬಂದಾಗೆಲ್ಲ ಅವ್ವ ತಮ್ಮನಿಗೆ ಫೋನ್ ಹಚ್ಚುತ್ತಿದ್ದಳು. ನಮ್ಮ ಎರಡೂ ಕಡೆಯ ಬಳಗದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಕನ್ನಡ ಸಾಲಿ, ಗಂಗಾವತಿಯ ಕಾಲೇಜು, ನಿಂತುಕೊಂಡೇ ಹೋಗಿಬಂದ ಬಸ್ಸು, ಕೊನೆಗೊಂದು ಬಿ.ಎಸ್ಸಿ. ಮುಂದೇನು ಅನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಮಾವ ಒಬ್ಬನೇ. ತನ್ನ ಅಂಗಡಿಯಲ್ಲಿ ಬಿಲ್ ಬರೆಯಲು ನಂಬಿಕಸ್ಥರು ಬೇಕು, ನಾನು ಯಲಬುರ್ಗಾಕ್ಕೆ ಬಂದು ಅವರ ಮನೆಯಲ್ಲೇ ಇರಬೇಕು. ಅವನ ಲೆಕ್ಕದಲ್ಲಿ ಅದು ಉಪಕಾರವೇ ಆಗಿತ್ತು, ಅದನ್ನು ನಾನು ಇಲ್ಲ ಅನ್ನುವುದಿಲ್ಲ.

ಕಾಲೇಜಿನ ಗೆಳತಿಯೊಬ್ಬಳಿಂದ ಆಪಾ ಅವರ ಸುದ್ದಿ ತಿಳಿದಿತ್ತು. ಗಂಗಾವತಿಯವರೇ. ಹೈದರಾಬಾದಿನ ಕಂಪನಿಯೊಂದರಲ್ಲಿ ಬಹಳ ವರ್ಷ ಕೆಲಸ ಮಾಡಿ, ಗಂಡನ ತಂದೆಗೆ ಪಾರ್ಶ್ವವಾಯು ಆದಾಗ ನೋಡಿಕೊಳ್ಳಲು ಊರಿಗೆ ಮರಳಿದವರು. ಬಂದವರು ಸುಮ್ಮನೆ ಕೂರದೆ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯ ಮೇಲಿನ ಕೋಣೆ ಹಿಡಿದು, ಹಳೇ ಕಂಪನಿಯ ಸಣ್ಣಪುಟ್ಟ ಕೆಲಸಗಳನ್ನು ತರಿಸಿಕೊಂಡು, ಹುಡುಗಿಯರಿಗೆ ಕಲಿಸುತ್ತ ಮಾಡಿಸುತ್ತಿದ್ದರು. ದಕ್ಖನಿ ಮನೆಮಾತು, ಕನ್ನಡ ಮಾತ್ರ ಅಪ್ಪಟ ಗಂಗಾವತಿಯದು. ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ.

ನನ್ನನ್ನು ಸೇರಿಸುವ ಮೊದಲು ಜಾಗ ನೋಡಬೇಕೆಂದು ಮಾವ ಜೊತೆಗೆ ಬಂದ. ಮೆಟ್ಟಿಲು ಹತ್ತಿ ಕುರ್ಚಿಯಲ್ಲಿ ಕೂತವನೇ ಕೇಳಿದ:

"ಇಲ್ಲೆ ಏನ್ ಕಲಿಸ್ತೀರಿ?"

"ಕ್ಲೌಡ್ ಕೆಲಸ ರೀ, ಅಣ್ಣಾರ."

"ಅಂದ್ರ ಮೋಡ ಅಲ್ರಿ? ನಮ್ಮ ಕಡಿ ಮೋಡ ಬಂದ್ರೂ ನಿಂದ್ರಂಗಿಲ್ಲ."

ಆಪಾ ನಕ್ಕರು. ನಗುವಾಗ ಅವರ ಎಡ ಭುಜ ಮಾತ್ರ ಮೇಲೇಳುತ್ತಿತ್ತು. "ಇದು ಬಾಡಿಗಿ ಕಂಪ್ಯೂಟರ್ ರೀ. ಎಲ್ಲೋ ದೂರ ಇರತೈತಿ, ನಮಗ ಬೇಕಾದಷ್ಟು ಹೊತ್ತು ತಗೋತೀವಿ. ಬಾಡಿಗಿ ಟ್ರ್ಯಾಕ್ಟರ್ ಇದ್ದಂಗ."

"ಟ್ರ್ಯಾಕ್ಟರ್ ಕಣ್ಣಿಗೆ ಕಾಣತೈತ್ರಿ," ಎಂದ ಮಾವ.

ಅಷ್ಟರಲ್ಲಿ ಯಾರೋ ಹುಡುಗಿ ಏನೋ ಕೇಳಿದಳು. ಆಪಾ ಎದ್ದು ಹೋಗಿ ಪರದೆಯ ಮೇಲೆ ಬೆರಳಿಟ್ಟರು. ಮಾವ ಆ ಬೆರಳನ್ನೇ ನೋಡುತ್ತಿದ್ದ. ಬಸ್ ಸ್ಟ್ಯಾಂಡಿಗೆ ನಡೆಯುವಾಗ ಬಾಯಿ ಬಿಟ್ಟ: "ಕನ್ನಡ ಸಾಲ್ಯಾಗ ಓದಿದ ಹುಡುಗಿ, ಮೆಹಂದಿ ಹಚ್ಚಿಕೊಂಡು ಕುಂತ ಹೆಣ್ಮಗಳು, ಕಣ್ಣಿಗೆ ಕಾಣದ ಕಂಪ್ಯೂಟರ್. ಗಂಗಾವತ್ಯಾಗ ಕುಂತು ಇದರಾಗ ದುಡಿಯೂದಂದ್ರ ಆಗಂಗಿಲ್ಲ ಬಿಡವ್ವ. ದಸರಾದ ಮಟ ಕಲಿ. ಕೆಲಸ ಸಿಕ್ರ ಸಿಕ್ತು. ಇಲ್ಲಂದ್ರ ಯಲಬುರ್ಗಾ."

ಕೆಲಸ ಸಿಗುವುದು ಆಪಾ ಅವರ ಒಂದು ಕಾಗದದ ಮೇಲೆ ನಿಂತಿತ್ತು. ಕೋರ್ಸ್ ಮುಗಿಸಿದ ಮಾತ್ರಕ್ಕೆ ಅವರು ಸರ್ಟಿಫಿಕೇಟ್ ಕೊಡುತ್ತಿರಲಿಲ್ಲ. ನಾವು ಬರೆದದ್ದನ್ನು ನಿಜವಾದ ಕೆಲಸಕ್ಕೆ ಹಚ್ಚಬೇಕು, ಅದು ಒಂದು ತಿಂಗಳು ಎಡವದೆ ನಡೆಯಬೇಕು, ಆಮೇಲೆ ಸಹಿ. ಹೈದರಾಬಾದಿನವರು ಆ ಸಹಿಯನ್ನು ನೋಡಿಯೇ ಸಂಬಳದ ಕೆಲಸ ಕೊಡುತ್ತಿದ್ದರು. ಅದೂ ಗಂಗಾವತಿಯಲ್ಲೇ ಕೂತು ಮಾಡುವ ಕೆಲಸ.

ನಾನು ಸೇರಿದಾಗ ಬಂದಿದ್ದ ಕೆಲಸ ರಕ್ತ ತಪಾಸಣೆಯ ರಿಪೋರ್ಟುಗಳದ್ದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ಒಂದು ಲ್ಯಾಬಿನ ಕೇಂದ್ರಗಳಿದ್ದವು. ತಪಾಸಣೆ ಮುಗಿದ ಕೂಡಲೇ ರಿಪೋರ್ಟು ರೋಗಿಯ ಮತ್ತು ಡಾಕ್ಟರ ಫೋನಿಗೆ ಹೋಗಬೇಕು. ಆದರೆ ಒಮ್ಮೆಲೇ ರಾಶಿ ಬಂದರೆ ಕಳಿಸುವ ಯಂತ್ರ ಉಸಿರುಗಟ್ಟುತ್ತದೆ, ಕರೆಂಟು ಹೋದರೆ ನಿಂತೇ ಬಿಡುತ್ತದೆ. ಅದಕ್ಕಾಗಿ ನಡುವೆ ಒಂದು ಮೆಸೇಜ್ ಕ್ಯೂ. ಪುಸ್ತಕದಲ್ಲಿ ಅದನ್ನು ಓದಿ ನನಗೆ ತಲೆಬುಡ ತಿಳಿದಿರಲಿಲ್ಲ.

"ನಿಮ್ಮ ಓಣ್ಯಾಗ ನಳ ಬರತೈತಿಲ್ಲೋ?" ಎಂದು ಕೇಳಿದರು ಆಪಾ.

"ಬರತೈತ್ರಿ. ಎರಡು ದಿನಕ್ಕೊಮ್ಮಿ."

"ಪಾಳಿಗೆ ಏನಿಡ್ತೀರಿ?"

"ಕೊಡ ಇಡ್ತೀವ್ರಿ."

"ನೀ ಅಲ್ಲೇ ನಿಂದರ್ತೀಯೇನು?"

"ಇಲ್ರಿ, ಕೊಡ ಇಟ್ಟು ಮನಿಗೆ ಹೋಗಿ ರೊಟ್ಟಿ ಬಡೀತೀನಿ."

"ಮತ್ತ ಅಷ್ಟ, ಬೇಟಾ. ಮನುಷ್ಯಾ ಇರೂದು ಬ್ಯಾಡ, ಕೊಡ ಇದ್ರ ಸಾಕು. ನಳ ಬಂದಾಗ ಒಂದೊಂದ ತುಂಬತೈತಿ. ನಳ ಬರೂದು ತಡ ಆದ್ರೂ ಕೊಡ ಎಲ್ಲೂ ಹೋಗಂಗಿಲ್ಲ. ರಿಪೋರ್ಟು ಅಂದ್ರ ಕೊಡ. ಓದೂ ಪ್ರೋಗ್ರಾಮು ಅಂದ್ರ ನಳ."

ಅಂದಿನಿಂದ ನನಗೆ ಅದು ಕ್ಯೂ ಅಲ್ಲ, ಸರದಿಯೂ ಅಲ್ಲ, ಪಾಳಿ. ಈಗಲೂ ಹೈದರಾಬಾದಿನವರ ಜೊತೆ ಫೋನಿನಲ್ಲಿ ಮಾತಾಡುವಾಗ ಬಾಯಿತಪ್ಪಿ ಪಾಳಿ ಅಂದುಬಿಡುತ್ತೇನೆ. ಅವರೂ ಕಲಿತಿದ್ದಾರೆ.

ಆ ಪಾಳಿಗಳನ್ನು ಪರದೆಯ ಮೇಲೆ ಗುಂಡಿ ಒತ್ತಿ ಕೈಯಾರೆ ಕಟ್ಟಬಹುದಿತ್ತು. ಆಪಾ ಅದಕ್ಕೆ ಬಿಡುತ್ತಿರಲಿಲ್ಲ. ಎಷ್ಟು ಪಾಳಿ, ಏನು ಹೆಸರು, ಒಳಗೆ ಬಂದದ್ದು ಎಷ್ಟು ದಿನ ಉಳಿಯಬೇಕು, ಯಾರು ಹಾಕಬೇಕು, ಯಾರು ತೆಗೆಯಬೇಕು ಎಲ್ಲವನ್ನೂ ಒಂದು ಫೈಲಿನಲ್ಲಿ ಬರೆಯಬೇಕು. ಅದಕ್ಕೆ ಟೆಂಪ್ಲೇಟ್ ಅನ್ನುತ್ತಾರೆ. ಆಪಾ ಬಾಯಲ್ಲಿ ಅದು 'ನಮೂನಿ'. ನಮೂನಿಯನ್ನು ಓದಿಕೊಂಡು ಆ ದೂರದ ಯಂತ್ರವೇ ಎಲ್ಲವನ್ನೂ ಕಟ್ಟಿಕೊಡುತ್ತದೆ. "ಕೈಲೆ ಕಟ್ಟಿದ್ದು ಕಟ್ಟಿದಾಕಿಗೆ ಮಾತ್ರ ಗೊತ್ತಿರತೈತಿ," ಅನ್ನುವರು. "ನಾಳಿ ಆಕಿಗೆ ಜ್ವರ ಬಂದ್ರ?"

ಆ ಯಂತ್ರವನ್ನು ಅವರು ಸಾಹೇಬರು ಎಂದು ಕರೆಯುತ್ತಿದ್ದರು. ನಮೂನಿ ಕೊಟ್ಟರೆ ಯಂತ್ರ ಒಮ್ಮೆಲೇ ಕೆಲಸಕ್ಕೆ ಇಳಿಯುವುದಿಲ್ಲ. ಇಂಥದ್ದನ್ನು ಕಟ್ಟುತ್ತೇನೆ, ಇಂಥದ್ದನ್ನು ಬದಲಿಸುತ್ತೇನೆ, ಇಂಥದ್ದನ್ನು ತೆಗೆಯುತ್ತೇನೆ ಎಂದು ಉದ್ದಕ್ಕೆ ತೋರಿಸಿ, ಹೌದೋ ಅಲ್ಲವೋ ಎಂದು ಕೇಳುತ್ತದೆ. ನಾವೆಲ್ಲ ಅವಸರಗೇಡಿಗಳು, ನೋಡದೆ ಹೌದು ಎಂದು ಬರೆದುಬಿಡುತ್ತಿದ್ದೆವು. ಆಪಾ ಹಿಂದಿನಿಂದ ಬಂದು, "ಸಾಹೇಬರು ಇಷ್ಟು ಮರ್ಯಾದಿಲೆ ಹೇಳಾಕತ್ಯಾರ, ನೀವು ಕೇಳವಲ್ರಿ. ಬೆರಳಿಟ್ಟು ಓದ್ರಿ," ಅನ್ನುವರು. ಕಣ್ಣಲ್ಲಿ ಓದಿದರೆ ಒಪ್ಪುತ್ತಿರಲಿಲ್ಲ. ಬೆರಳೇ ಇಡಬೇಕು. ನಮಗದು ಒಂದನೇ ಕ್ಲಾಸಿನ ಮಕ್ಕಳ ಆಟದಂತೆ ಕಾಣುತ್ತಿತ್ತು. ನಾವೇ ಟೈಪ್ ಮಾಡುವಾಗ ಮಾತ್ರ ಅವರು ಎರಡೂ ಕೈಗಳನ್ನು ಓಢಣಿಯೊಳಗೆ ಸುತ್ತಿಕೊಂಡು ನಿಲ್ಲುತ್ತಿದ್ದರು. ಎಷ್ಟೇ ತಡವರಿಸಿದರೂ ನಮ್ಮ ಕೀಲಿಮಣೆ ಮುಟ್ಟಿದವರಲ್ಲ.

ದಸರಾ ಹತ್ತಿರ ಬರುತ್ತಿದ್ದಂತೆ ಆ ಕೆಲಸ ನನಗೂ ಕುಷ್ಟಗಿಯಿಂದ ಬರುತ್ತಿದ್ದ ಗೆಳತಿಗೂ ಬಂತು. ಕಳಿಸುವ ಕಡೆಯ ನಮೂನಿ ಅವಳು ಬರೆದಳು, ಓದುವ ಕಡೆಯದು ನಾನು. ಇಬ್ಬರೂ ಬೇರೆ ಬೇರೆ ಪರೀಕ್ಷಿಸಿದೆವು. ಎರಡೂ ಸರಿಯಾಗಿದ್ದವು. ತಿಂಗಳು ಶುರುವಾಯಿತು. ದಸರಾಕ್ಕೆ ಸರಿಯಾಗಿ ಮುಗಿಯುವಂತೆ ಲೆಕ್ಕ ಹಾಕಿಕೊಂಡಿದ್ದೆವು. ಮೊದಮೊದಲು ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕೇಂದ್ರಗಳನ್ನಷ್ಟೇ ಜೋಡಿಸಿದ್ದರು. ಗಂಗಾವತಿಯ ಕೇಂದ್ರ ಜೋಡಣೆಯಾದದ್ದು ತಿಂಗಳು ಇನ್ನೇನು ಮುಗಿಯುವಾಗ, ಒಂದು ಶುಕ್ರವಾರ.

ಶುಕ್ರವಾರ ಮಧ್ಯಾಹ್ನ ಆಪಾ ಮನೆಗೆ ಹೋಗುತ್ತಿದ್ದರು. ನಮಾಜು ಮಾಡಿ, ಗಂಡನ ತಂದೆಗೆ ಉಣಿಸಿ ಬರುವರು. ಆ ಹೊತ್ತಿಗೆ ಫೋನ್ ಎತ್ತುತ್ತಿರಲಿಲ್ಲ. ಕೋಣೆಯಲ್ಲಿ ನಾನು, ಗೆಳತಿ ಇಬ್ಬರೇ. ಗಂಗಾವತಿಯ ಲ್ಯಾಬಿನಿಂದ ಫೋನ್ ಬಂತು.

"ಮುಂಜಾನಿಂದ ಒಂದೂ ರಿಪೋರ್ಟು ಹೋಗಿಲ್ಲಲ್ರಿ ಮೇಡಂ. ಡೆಂಗಿ ಪೇಶಂಟ್ ಅದಾರ, ಡಾಕ್ಟರು ಬೈಯ್ಯಾಕತ್ಯಾರ. ಈ ಮಷೀನು ಒಂದ್ಸಲ ಕಳಿಸಿದ್ದನ್ನ ಇಲ್ಲೆ ಇಟ್ಕೊಳ್ಳಂಗಿಲ್ಲ. ಏನರ ಮಾಡ್ರಿ ಜಲ್ದಿ."

ನನ್ನ ಪರದೆ ನೋಡಿದೆ. ಉಳಿದ ಮೂರು ಊರುಗಳ ಪಾಳಿಗಳು ಸರಸರ ಸಾಗುತ್ತಿದ್ದವು. ಗಂಗಾವತಿಯದು ಖಾಲಿ. ತಪ್ಪಿನ ಸೂಚನೆ ಎಲ್ಲೂ ಇಲ್ಲ. ಗೆಳತಿ ತನ್ನ ಪರದೆ ನೋಡಿ, "ನನ್ನ ಗಂಗಾವತಿ ತುಂಬಿ ಕುಂತೈತಲ್ಲೇ," ಎಂದಳು.

ಇಬ್ಬರ ಪರದೆಗಳನ್ನೂ ಪಕ್ಕಪಕ್ಕಕ್ಕೆ ಇಟ್ಟಾಗ ತಿಳಿಯಿತು. ಇಂಗ್ಲಿಷಿನಲ್ಲಿ ಗಂಗಾವತಿ ಬರೆಯುವಾಗ ಅವಳು ಟಿ ಆದ ಮೇಲೆ ಒಂದು ಎಚ್ ಹಾಕಿದ್ದಳು. ನಾನು ಹಾಕಿರಲಿಲ್ಲ.

"ಎಚ್ ಎಲ್ಲಿಂದ ತಂದಿ?"

"ನಮ್ಮೂರಿಂದ ಬರೂ ಬಸ್ಸಿನ ಮ್ಯಾಲೆ ಎಚ್ ಇರತೈತಿ. ನೀ ಯಾಕ ಬಿಟ್ಟಿ?"

"ನನ್ನ ಮಾರ್ಕ್ಸ್ ಕಾರ್ಡಿನ್ಯಾಗ ಇಲ್ಲ."

ಈ ಊರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೆಂಬುದು ಇಲ್ಲಿ ಹುಟ್ಟಿದವರಿಗೂ ಗೊತ್ತಿಲ್ಲ. ಒಂದು ಅಂಗಡಿಯ ಬೋರ್ಡಿನಲ್ಲಿ ಒಂದು ತರಹ, ಪಕ್ಕದ ಅಂಗಡಿಯಲ್ಲಿ ಇನ್ನೊಂದು ತರಹ. ನಮಗೆ ಕಣ್ಣಿಗೂ ಬೀಳುವುದಿಲ್ಲ. ಆದರೆ ಸಾಹೇಬರಿಗೆ ಅವು ಎರಡು ಬೇರೆ ಹೆಸರು. ಅವಳ ನಮೂನಿ ಓದಿ ಎಚ್ ಇರುವ ಪಾಳಿ ಕಟ್ಟಿದ್ದರು, ನನ್ನದನ್ನು ಓದಿ ಎಚ್ ಇಲ್ಲದ್ದನ್ನು. ಒಂದು ಕಡೆ ಕೊಡಗಳ ಸಾಲೇ ಇದೆ, ನಳವಿಲ್ಲ. ಇನ್ನೊಂದು ಕಡೆ ನಳ ಬಿಟ್ಟಿದೆ, ಒಂದು ಕೊಡವೂ ಇಲ್ಲ.

"ನಂದಾಗಿಂದು ಎಚ್ ತಗದ್ರ ಮುಗೀತು," ಎಂದು ಗೆಳತಿ ನಮೂನಿ ತೆರೆದು ಆ ಒಂದು ಅಕ್ಷರ ಅಳಿಸಿದಳು. ಮರುಕ್ಷಣ ಕುರ್ಚಿಯಿಂದ ಎದ್ದುಬಿಟ್ಟಳು. "ಹೌದು ಅಂತ ನೀನ ಬರಿ, ನನಗ ಆಗವಲ್ದು." ನಾನು ಅವಳ ಕುರ್ಚಿಯಲ್ಲಿ ಕೂತೆ. ಫೋನ್ ಮತ್ತೆ ರಿಂಗಾಗತೊಡಗಿತು.

ಇದರಲ್ಲಿ ನನ್ನ ಜಾಣತನ ಏನೂ ಇಲ್ಲ. ಎಷ್ಟೋ ತಿಂಗಳು ಬೈಸಿಕೊಂಡು ಬೈಸಿಕೊಂಡು ರೂಢಿಯಾಗಿದ್ದರಿಂದ ಬೆರಳು ತಾನಾಗಿ ಪರದೆಯ ಮೇಲೆ ಹೋಯಿತು, ಅಷ್ಟೇ. ಸಾಲು ಸಾಲಾಗಿ ಇಳಿಸಿದೆ. ಹೆಸರು ಬದಲಾಗುತ್ತದೆ ಎಂದು ಬರೆದಿರಬಹುದು ಅಂದುಕೊಂಡ ಕಡೆ ಹಾಗೆ ಬರೆದಿರಲಿಲ್ಲ. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುತ್ತೇನೆ ಎಂದಿತ್ತು. ಬೆರಳು ಅಲ್ಲೇ ನಿಂತಿತು. ಕಟ್ಟಿದ ಪಾಳಿಯ ಹೆಸರನ್ನು ತಿದ್ದಲು ಬರುವುದಿಲ್ಲ, ಕೆಡವಿಯೇ ಕಟ್ಟಬೇಕು. ಕೆಡವಿದರೆ ಒಳಗಿನ ಕೊಡಗಳೂ ಹೋಗುತ್ತವೆ. ಮುಂಜಾನೆಯಿಂದ ಗಂಗಾವತಿಯಲ್ಲಿ ರಕ್ತ ಕೊಟ್ಟವರೆಲ್ಲ ಮತ್ತೆ ಬಂದು ಸೂಜಿ ಚುಚ್ಚಿಸಿಕೊಳ್ಳಬೇಕು.

"ಬ್ಯಾಡ," ಎಂದೆ. "ನಿಂದು ಹಂಗ ಇರ್ಲಿ. ನಂದು ಖಾಲಿ ಐತಿ. ನಂದನ್ನ ಕೆಡವೋಣ."

ಅವಳ ಎಚ್ ಅನ್ನು ವಾಪಸ್ ಇಟ್ಟೆವು. ನನ್ನ ನಮೂನಿಯಲ್ಲಿ ಎಚ್ ಹಾಕಿ, ಬೆರಳಿಟ್ಟು ಓದಿ, ಖಾಲಿಯದ್ದನ್ನೇ ಕೆಡವಿ, ತುಂಬಿದ್ದಕ್ಕೆ ನನ್ನ ನಳ ಜೋಡಿಸುತ್ತದೆಂದು ಖಾತ್ರಿ ಮಾಡಿಕೊಂಡು ಹೌದು ಎಂದೆ. ಸ್ವಲ್ಪ ಹೊತ್ತಿಗೆ ತುಂಬಿ ಕೂತಿದ್ದ ಪಾಳಿ ಇಳಿಯತೊಡಗಿತು. ಲ್ಯಾಬಿನವರು ಫೋನ್ ಮಾಡಿ, "ಬಂದ್ವು ಬಂದ್ವು, ಎಲ್ಲಾರ್ದೂ ಬಂದ್ವು," ಎಂದರು.

ಆಪಾ ಬಂದು ಎಲ್ಲ ಕೇಳಿದರು. ಶಭಾಷ್ ಅನ್ನುವರೇನೋ ಅಂದುಕೊಂಡಿದ್ದೆ. ಅವರು ಎಡ ಭುಜ ಎತ್ತಿ ನಕ್ಕರು. "ಇಲ್ಲೇ ಹುಟ್ಟಿ ಬೆಳದಾಕಿ ನಾನು. ನನಗೂ ಎಚ್ ಐತೋ ಇಲ್ಲೋ ಗೊತ್ತಿಲ್ಲ ನೋಡ್ರಿ." ಆಮೇಲೆ ಕ್ಯಾಲೆಂಡರಿನ ಮುಂದೆ ನಿಂತರು. "ಬೇಟಾ, ಮುಂಜಾನಿಂದ ಮಧ್ಯಾಹ್ನದ ಮಟ ಒಂದೂರು ನಿಂತಿತ್ತು. ತಿಂಗಳು ಮತ್ತ ಮೊದಲಿಂದ."

ದಸರಾ ಮುಂದಿನ ವಾರ. ಮಾವನ ಷರತ್ತು ಅವರಿಗೆ ಗೊತ್ತಿತ್ತು. ಯಲಬುರ್ಗಾದ ವಿಷಯ ಮತ್ತೊಮ್ಮೆ ಹೇಳಿದೆ. "ಗೊತ್ತೈತಿ," ಎಂದರು. "ನಿಮ್ಮ ಮಾಮಾ ಯಾವತ್ತು ಬರ್ತಾರ?" ಹಬ್ಬದ ಮರುದಿನ ಎಂದೆ. ಅವರು ತಿರುಗಿ ತಮ್ಮ ಕೆಲಸಕ್ಕೆ ಕೂತರು. ಅಂದು ಬಸ್ಸಿನಲ್ಲಿ ಕನಕಗಿರಿ ಬರುವ ತನಕ ಅವರ ಮೇಲೆ ನನಗೆ ಸಿಟ್ಟೇ ಇತ್ತು.

ಹಬ್ಬದ ಮರುದಿನ ಮಾವ ನನ್ನ ಬಟ್ಟೆಯ ಚೀಲದ ಪಕ್ಕ ಕೂತು ಚಹಾ ಕುಡಿಯುತ್ತಿದ್ದಾಗ ಬಾಗಿಲಲ್ಲಿ ಆಪಾ. ಕೈಯಲ್ಲಿ ಬಾಳೆಹಣ್ಣಿನ ಚೀಲ. ನಮ್ಮ ಮನೆಯನ್ನು ಸಂತೆಯಲ್ಲಿ ಕೇಳಿಕೊಂಡು ಬಂದಿದ್ದರು. ಅವ್ವ ಚಾಪೆ ಹಾಸಿದಳು. ಮಾವನೂ ಗೌರವದಿಂದಲೇ ಎದ್ದು ನಿಂತ, ಆದರೆ ಮಾತಿಗೆ ಸುತ್ತುಬಳಸು ಮಾಡಲಿಲ್ಲ.

"ಇಕಿ ಕಲತಾಳೋ ಇಲ್ಲೋ ಹೇಳ್ರಿ."

"ಕಲತಾಳ್ರಿ. ಛಲೋ ಕಲತಾಳ."

"ಹಂಗಾದ್ರ ಕೊಟ್ಟುಬಿಡ್ರಿ ಆ ಸರ್ಟಿಫಿಕೇಟು."

"ಇನ್ನಾ ಒಂದು ತಿಂಗಳು ಬೇಕ್ರಿ. ಅದನ್ನ ಕೇಳಾಕ ಬಂದೀನಿ."

"ಕೊಡಾಕಿನೂ ನೀವ, ತಡಿಯಾಕಿನೂ ನೀವ. ಒಂದು ಸಹಿ ಹಾಕಿದ್ರ ಮುಗೀತಲ್ರಿ."

"ಹಾಕಬಹುದ್ರಿ, ಅಣ್ಣಾರ. ಆದ್ರ ನಿಮ್ಮದೂ ಅಂಗಡಿ ಐತಿ. ಚೀಲದ ಮ್ಯಾಲೆ ಬರದಿದ್ದು ಚೀಲದಾಗ ಇರಬೇಕೋ ಬ್ಯಾಡೋ?"

ಮಾವ ಚಹಾದ ಬಸಿ ಕೆಳಗಿಟ್ಟ. ಗೊಬ್ಬರದ ಅಂಗಡಿಯವನಿಗೆ ಆ ಪ್ರಶ್ನೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತ್ತು. "ಇರಬೇಕ್ರಿ," ಎಂದ.

"ಒಂದ್ಸಲ ಖಾಲಿ ಚೀಲಕ್ಕ ಸಹಿ ಹಾಕಿದೆ ಅಂದ್ರ, ಇಕಿ ಹಿಂದ ಬರೂ ಹುಡುಗ್ಯಾರ ಕಾಗದಾ ಯಾರು ನಂಬ್ತಾರ್ರಿ?"

ಅವ್ವ ಒಳಗಿನಿಂದಲೇ ಹೇಳಿದಳು: "ಇರ್ಲಿ ಬಿಡೋ ತಮ್ಮಾ. ಒಂದು ತಿಂಗಳದಾಗ ನಿನ್ನ ಯಲಬುರ್ಗಾ ಎಲ್ಲೆ ಓಡಿ ಹೋಗತೈತಿ?"

ಮಾವ ನಕ್ಕುಬಿಟ್ಟ. ನನ್ನ ಬಟ್ಟೆಯ ಚೀಲ ಬಾಗಿಲ ಬಳಿಯಿಂದ ಒಳಗೆ ಹೋಯಿತು.

ಆ ತಿಂಗಳು ನಾನು ಅನ್ನ ಉಂಡದ್ದು ನೆನಪಿಲ್ಲ, ಪಾಳಿ ನೋಡಿದ್ದಷ್ಟೇ ನೆನಪು. ಕೊನೆಯ ವಾರ ಆಪಾ ಇನ್ನೊಂದು ಕೆಲಸ ಹೇಳಿದರು. ಅಭ್ಯಾಸಕ್ಕೆಂದು ಬೇರೆ ಕಟ್ಟಿದ್ದ ಪಾಳಿಗಳನ್ನೆಲ್ಲ ಪೂರಾ ಕೆಡವಿ, ನಮೂನಿಯಿಂದ ಮತ್ತೆ ಕಟ್ಟಬೇಕು. "ನಾ ಕೆಳಗ ಹೋಗಿ ಚಹಾ ಹೇಳಿ ಬರ್ತೀನಿ," ಎಂದು ಹೋದರು. ಅವರು ಮೇಲೆ ಬಂದಾಗ ನಾಲ್ಕೂ ಊರು ಮತ್ತೆ ಎದ್ದು ನಿಂತಿದ್ದವು. ಆಪಾ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಊರಿನ ಹೆಸರು ಓದಿದರು. ಗಂಗಾವತಿ ಬಂದಾಗ ಗೆಳತಿ ಕಿಸಕ್ಕನೆ ನಕ್ಕಳು. ಹೇಳಿಬಂದ ಚಹಾ ಮೇಲೆ ಬಂದದ್ದೇ ಆಮೇಲೆ.

ಈಗ ಆ ಕೋಣೆಯಲ್ಲಿ ಹೊಸಬರಿಗೆ ಕಲಿಸುವವಳು ನಾನು. ಕಾರಟಗಿಯಿಂದ, ಸಾಣಾಪುರದಿಂದ ಹುಡುಗಿಯರು ಬರುತ್ತಾರೆ. ಆಪಾ ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡಿದ್ದಾರೆ. ವಾರಕ್ಕೆರಡು ಸಲ ಬಂದು ಹಿಂದಿನ ಕುರ್ಚಿಯಲ್ಲಿ ಕೂರುತ್ತಾರೆ. ನನಗೆ ಓದು ಕೊಟ್ಟವರು ಬಹಳ ಜನ. ಓದಿದ್ದು ಈ ನೆಲದಲ್ಲೇ ಕೂತು ಅನ್ನವಾಗುತ್ತದೆ ಎಂದು ತೋರಿಸಿದವರು ಅವರೊಬ್ಬರೇ. ಅಂದು ಕನಿಕರಪಟ್ಟು ಸಹಿ ಹಾಕಿದ್ದರೆ ನನಗೆ ಕೆಲಸ ಸಿಗುತ್ತಿತ್ತು, ನನ್ನ ಮೇಲೆ ನನಗೆ ನಂಬಿಕೆ ಸಿಗುತ್ತಿರಲಿಲ್ಲ. ಆ ಋಣ ತೀರಿಸುವ ದಾರಿ ನನಗೆ ಇನ್ನೂ ತಿಳಿದಿಲ್ಲ.

ಆ ಎರಡನೇ ತಿಂಗಳು ತುಂಬಿದ ದಿನ ಅವ್ವ ನನ್ನ ಜೊತೆ ಗಂಗಾವತಿಗೆ ಬಂದಳು. ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟಿದ್ದಳು. ಕಡಿದಾದ ಮೆಟ್ಟಿಲುಗಳನ್ನು ಗೋಡೆ ಹಿಡಿದು ಹತ್ತಿದಳು. ಗೆಳತಿ ಪೇಢೆ ತಂದಿದ್ದಳು. ಆಪಾ ಸಹಿ ಹಾಕಿ, ಮಸಿ ಆರಲೆಂದು ಒಮ್ಮೆ ಊದಿ, ಸರ್ಟಿಫಿಕೇಟನ್ನು ನನಗೆ ಕೊಡದೆ ಎರಡೂ ಕೈಯಿಂದ ಅವ್ವನ ಮುಂದೆ ಹಿಡಿದರು. ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು. ಕಣ್ಣೀರು ಹಾಕುವಳೇನೋ ಎಂದು ನಾನು ಪಕ್ಕಕ್ಕೆ ಹೋದೆ. ಅವಳು ಹಾಕಲಿಲ್ಲ. ಕಾಗದವನ್ನು ಮಡಚದೆ ಎದೆಗೆ ಹಿಡಿದುಕೊಂಡು, ಆಪಾ ಅವರನ್ನೇ ನೋಡಿ ಕೇಳಿದಳು:

"ಕಲಿಯಾಕ ಬರೂದು ಬ್ಯಾರೆ, ಕೆಲಸಕ್ಕ ಬರೂದು ಬ್ಯಾರೆ. ನಾಳಿಂದ ಎಷ್ಟೊತ್ತಿಗೆ ಕಳಿಸ್ಲಿ ಹೇಳ್ರಿ, ಬುತ್ತಿ ಕಟ್ಟಬೇಕು."